ಹನ್ನೊಂದನೇ ಎಕ್ಸ್‌ಟೆನ್ಷನ್

೧೮ ಜೂನ್ ೧೯೭೩, ಸೋಮವಾರ

ಸೇವಂತಿ ಆಸ್ಪತ್ರೆ ಸೇರಿ ಇಂದಿಗೆ ಆರು ದಿನ. ನಾನು ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಬೋರ್ಡಿನ ಎದುರು ಕೂತು ಹೆಡ್‌ಫೋನ್ ಏರಿಸಿದಾಗ ಅದರ ಪಟ್ಟಿಯಲ್ಲಿ ಅವಳ ತಲೆಯ ಎಣ್ಣೆಯ ವಾಸನೆ ಇನ್ನೂ ಇತ್ತು. ಅಲ್ಲೇ ತೀರ್ಮಾನ ಮಾಡಿದೆ. ಸಬ್ನಿಸನನ್ನು ನಾನು ಬಿಡುವುದಿಲ್ಲ.

ಒಂದನ್ನೂ ಮರೆಯಬಾರದೆಂದು ಬರೆದಿಡುತ್ತಿದ್ದೇನೆ. ನಮ್ಮದು ಜೋಗೇಶ್ವರಿಯ ಫ್ಯಾನ್ ಕಂಪನಿ. ಅರುವತ್ತು ಎಕ್ಸ್‌ಟೆನ್ಷನ್‌ಗಳ ಟೆಲಿಫೋನ್ ಬೋರ್ಡ್. ಮೊದಲು ಮೂವರು ಆಪರೇಟರುಗಳಿದ್ದೆವು. ಒಬ್ಬಳು ಮದುವೆಯಾಗಿ ಬಿಟ್ಟುಹೋದಳು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಬೆಳಗಿನ ಪಾಳಿಗೆ ನಾನು, ಮಧ್ಯಾಹ್ನದ ಪಾಳಿಗೆ ಸೇವಂತಿ ಒಬ್ಬಳೇ. ಸಬ್ನಿಸ್ ಅಲ್ಲಿನ ಆಡಳಿತ ಮ್ಯಾನೇಜರ್. ಮೂರು ರಿಂಗಿನೊಳಗೆ ಬೋರ್ಡಿನಿಂದ ಉತ್ತರ ಹೋಗದಿದ್ದರೆ ತನ್ನ ಮೇಜಿನ ಮೇಲೆ ಕೆಂಪು ದೀಪ ಹತ್ತುವ ಹಾಗೆ ಮಾಡಿಸಿಕೊಂಡ. ದೀಪ ಹತ್ತಿತೆಂದರೆ ಲೈನಿಗೆ ಬಂದು ಬೈಗುಳ. ಬಾತ್‌ರೂಮಿಗೆ ಹೋಗಬೇಕಾದರೆ ಚೀಟಿ ಬರೆದು ಅವನ ಸಹಿ ಪಡೆಯಬೇಕು. ಸಹಿ ತರಲು ಬೋರ್ಡ್ ಬಿಟ್ಟು ಏಳುವಂತಿಲ್ಲ. ಹುಡುಗಿ ಮಧ್ಯಾಹ್ನದಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಳು.

ಮೇ ತಿಂಗಳಿಂದ ಅವಳಿಗೆ ಮನೆಯಲ್ಲೂ ರಿಂಗ್ ಕೇಳಿಸತೊಡಗಿತು. ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದುಕೊಂಡೇ "ಗುಡ್ ಆಫ್ಟರ್‌ನೂನ್" ಎನ್ನುತ್ತಿದ್ದಳು. ಹನ್ನೆರಡನೇ ತಾರೀಕು ಮಂಗಳವಾರ ನಾಲ್ಕು ಗಂಟೆಗೆ ಹೆಡ್‌ಫೋನ್ ಕಿತ್ತಿಟ್ಟು, ಮೇಜಿನ ಅಡಿಗೆ ಸರಿದು, ಮಂಡಿಗೆ ಮುಖ ಒತ್ತಿ ಕೂತುಬಿಟ್ಟಳು. ಕರೆದರೆ ಬರಲಿಲ್ಲ. ಸಬ್ನಿಸ್ ಇಬ್ಬರು ವಾಚ್‌ಮನ್‌ಗಳನ್ನು ಕರೆಸಿ ಹೊರಗೆ ಎಳೆಸಿದ. ಇಡೀ ಆಫೀಸು ಎದ್ದು ನಿಂತು ನೋಡಿತಂತೆ. "ನಾಟಕ" ಎಂದನಂತೆ ಅವನು.

ಅವಳು ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಉಡುಪಿಯಿಂದ ಮಲಾಡಿನ ಈ ಚಾಳಿನ ಒಂದು ಖೋಲಿಯ ಮನೆಗೆ ಕರೆತಂದು ಸಾಕಿದವಳು ನಾನು. ಕಂಪನಿಗೆ ಸೇರಿಸಿದವಳೂ ನಾನೇ. ರಿಂಗ್ ಕೇಳಿಸುತ್ತದೆ ಎಂದು ಅವಳು ಹೇಳಿದಾಗ "ಮೊದಮೊದಲು ಎಲ್ಲರಿಗೂ ಹಾಗೇ, ಅಭ್ಯಾಸ ಆಗ್ತದೆ" ಎಂದವಳೂ...

ಅದು ಇಲ್ಲಿ ಬೇಡ. ಇಲ್ಲಿ ಬರೆಯಬೇಕಾದ್ದು ಸಬ್ನಿಸನ ವಿಷಯ.

೨೩ ಜೂನ್, ಶನಿವಾರ

ಆಸ್ಪತ್ರೆಯ ಡಾಕ್ಟರು ಕಾಗದ ಬರೆದುಕೊಟ್ಟರು. ಕೆಲಸದ ಒತ್ತಡದಿಂದ ಬಂದ ಕಾಯಿಲೆ, ಎರಡು ತಿಂಗಳ ವಿಶ್ರಾಂತಿ ಬೇಕು, ಆಮೇಲೆ ಟೆಲಿಫೋನಿನಿಂದ ದೂರದ ಬೇರೆ ಕೆಲಸ ಕೊಟ್ಟರೆ ಪೂರ್ತಿ ಗುಣವಾಗುತ್ತಾಳೆ ಎಂದು. ಅದನ್ನು ಹಿಡಿದು ಸಬ್ನಿಸನ ಕೋಣೆಗೆ ಹೋದೆ. ಅವನು ಅರ್ಧ ಓದಿ ಮಡಚಿದ.

"ಕೈ ಮುರಿದಿದ್ದರೆ ಕಂಪನಿ ನೋಡಿಕೊಳ್ಳುತ್ತಿತ್ತು, ಶೀಲಾವತಿ. ತಲೆ ಕೆಟ್ಟರೆ ಅದು ಮನೆಯವರ ಜವಾಬ್ದಾರಿ," ಎಂದ ಹಿಂದಿಯಲ್ಲಿ. "ನಿಮ್ಮ ಮನೆತನದಲ್ಲಿ ಮೊದಲೇ ಯಾರಿಗಾದರೂ ಇತ್ತೇ?"

"ಇಲ್ಲ ಸಾರ್."

"ಊರಿಗೆ ಬರೆದು ಕೇಳಿ. ಇರುತ್ತದೆ."

ಕಾಗದ ವಾಪಸು ಕೊಡಲಿಲ್ಲ. ಸೋಮವಾರದಿಂದ ಫ್ಲೋರಿನ್ ಎಂಬ ಹೊಸ ಹುಡುಗಿ ಬರುತ್ತಾಳಂತೆ, ನಾನು ಇಡೀ ದಿನ ಜೊತೆಗೆ ಕೂತು ಕೆಲಸ ಕಲಿಸಬೇಕಂತೆ. ಹಾಜರಿ ಪುಸ್ತಕದಲ್ಲಿ ಸೇವಂತಿಯ ಹೆಸರಿನ ಮೇಲೆ ಆಗಲೇ ಕೆಂಪು ಗೆರೆ ಎಳೆದಿದ್ದಾರೆ.

೩ ಜುಲೈ, ಮಂಗಳವಾರ

ಮಧ್ಯಾಹ್ನ ಕ್ಯಾಂಟೀನಿನಲ್ಲಿ ದಾನಪ್ಪ ಎದುರು ಬಂದು ಕೂತರು. ವಿಜಾಪುರದ ಕಡೆಯವರು, ಲೋಡಿಂಗ್ ವಿಭಾಗದಲ್ಲಿದ್ದಾರೆ, ಯೂನಿಯನ್ ಕಾರ್ಯದರ್ಶಿ.

"ಅಕ್ಕಾರ, ಲೇಬರ್ ಆಫೀಸಿಗೆ ಅರ್ಜಿ ಹಾಕೇವಿ. ಹುಡುಗಿಗೆ ಬ್ಯಾರೆ ಕೆಲಸ ಕೊಡಬೇಕು, ಬೋರ್ಡಿಗೆ ಯಾವಾಗಲೂ ಇಬ್ಬರು ಇರಬೇಕು, ಆ ಕೆಂಪು ದೀಪ ತಗೀಬೇಕು ಅಂತ. ಆದರ ಒಳಗ ಏನು ನಡೀತಿತ್ತು ಅನ್ನೂದನ್ನ ಹೇಳಾಕ ನೀವ ಬೇಕು."

"ಹೇಳಿದರೆ ನನ್ನನ್ನು ಬೋರ್ಡಿನಿಂದ ಎಬ್ಬಿಸ್ತಾರೆ."

"ಎಬ್ಬಿಸ್ಲಿ. ನಾವು ಅದೀವಲ್ಲ. ಆಕೀಗೆ ಹುಚ್ಚು ಹಿಡದದ್ದಲ್ರೀ, ಹಿಡಿಸಿದ್ದು. ಅದನ್ನ ಬಾಯಿಬಿಟ್ಟು ಯಾರರೆ ಹೇಳಬೇಕಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ. ಲೇಬರ್ ಆಫೀಸಿನಲ್ಲಿ ಸಬ್ನಿಸನಿಗೆ ಏನಾಗುತ್ತದೆ? ಟೈ ಕಟ್ಟಿಕೊಂಡು ಬಂದು ಕುರ್ಚಿಯಲ್ಲಿ ಕೂತು ಎದ್ದು ಹೋಗುತ್ತಾನೆ. ಅವನ ಮೈಗೆ ತಾಗುವುದೇ ಇಲ್ಲ.

ನಾಲ್ಕು ಗಂಟೆಗೆ ಅವನ ಕೋಣೆಗೆ ಚಹಾ ಹೋಯಿತು. ಅವನದು ಹನ್ನೊಂದನೇ ಎಕ್ಸ್‌ಟೆನ್ಷನ್. ಫ್ಲೋರಿನ್ ಬೇರೆ ಕರೆಯಲ್ಲಿದ್ದಳು. ನಾನು ಲೈನ್ ಜೋಡಿಸುವ ತಂತಿಯನ್ನು, ಕಾರ್ಡ್ ಎನ್ನುತ್ತೇವೆ ಅದಕ್ಕೆ, ಹನ್ನೊಂದರ ತೂತಿಗೆ ಸಿಕ್ಕಿಸಿ ರಿಂಗ್ ಕೊಟ್ಟೆ. "ಹಲೋ" ಎಂದ. ಉಸಿರು ಬಿಗಿಹಿಡಿದು ಕೂತೆ. ಇನ್ನೆರಡು ಸಲ ಹಲೋ ಎಂದು ಇಟ್ಟ. ಲೋಟ ಎತ್ತಿರಬಹುದು ಎನ್ನುವಷ್ಟು ಹೊತ್ತು ಬಿಟ್ಟು ಮತ್ತೆ ಕೊಟ್ಟೆ.

ಮನೆಗೆ ಬಂದು ಎರಡು ಸಲ ಅನ್ನ ಬಡಿಸಿಕೊಂಡೆ. ಇಷ್ಟು ದಿನದಲ್ಲಿ ಇವತ್ತು ಊಟ ರುಚಿಸಿತು.

೪ ಜುಲೈ, ಬುಧವಾರ

ಒಂಬತ್ತು ಸಲ.

೧೬ ಜುಲೈ, ಸೋಮವಾರ

ನಿನ್ನೆ ಸೇವಂತಿಯನ್ನು ಮನೆಗೆ ಕರೆತಂದೆ. ಸಣಕಲಾಗಿದ್ದಾಳೆ, ಮಾತ್ರೆಯಿಂದ ಕಣ್ಣು ಭಾರ. ಹಗಲು ಪಕ್ಕದ ಖೋಲಿಯ ನೀಲಾಬಾಯಿ ನೋಡಿಕೊಳ್ಳುತ್ತಾರೆ. ಅವರು ಗದಗಿನವರು, ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚಿಕೊಡುವವರು. "ನೀವು ನಿಶ್ಚಿಂತಿ ಹೋಗ್ರಿ, ಆಕಿ ನನ್ನ ಬಾಜೂಕ ಕುಂತಿರ್ತಾಳ" ಎಂದರು.

ಇವತ್ತು ದಿಲ್ಲಿಯ ಟ್ರಂಕ್ ಕಾಲ್ ಇತ್ತು. ಸಬ್ನಿಸ್ ಮೂರು ದಿನದಿಂದ ಕಾದಿದ್ದ ಕರೆ, ಮಾಲೀಕ ಶೇಟ್ ಅವನ ಪಕ್ಕದಲ್ಲೇ ನಿಂತಿದ್ದರು. ಅವನು "ಹೌದು ಸಾರ್, ಆರ್ಡರ್ ವಿಷಯ..." ಎನ್ನುವಾಗ ಕಾರ್ಡ್ ಕಿತ್ತೆ. ಮತ್ತೆ ಬುಕ್ ಮಾಡಿಸಿದ. ಮತ್ತೆ ಕಿತ್ತೆ. ಶೇಟ್ ಅವನನ್ನು ಬೈದದ್ದು ಗೋಡೆಯಾಚೆಯಿಂದ ಕೇಳಿಸಿತು. ಆಮೇಲೆ ಅವನು ಬೋರ್ಡಿಗೆ ಬಂದು ಕಿರುಚಿದ. ನಾನು ತಣ್ಣಗೆ, "ಲೈನೇ ಹೋಯಿತು ಸಾರ್, ಮಳೆ," ಎಂದೆ.

ಮಳೆ ನಿಜವಾಗಿಯೂ ಇತ್ತು. ದೇವರು ನನ್ನ ಕಡೆಗಿದ್ದಾನೆ.

೨೮ ಜುಲೈ, ಶನಿವಾರ

ಸಬ್ನಿಸನ ಮನೆ ಪಾರ್ಲೆಯಲ್ಲಿ. ಮನೆಯ ನಂಬರು ಬೋರ್ಡಿನ ಪಟ್ಟಿಯಲ್ಲೇ ಇದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಮುಂಚೆ ಮಲಾಡ್ ಸ್ಟೇಷನ್ ಎದುರಿನ ಔಷಧಿ ಅಂಗಡಿಯಿಂದ ಫೋನ್ ಮಾಡುತ್ತೇನೆ. ಮೊದಮೊದಲು ಅವನ ಹೆಂಡತಿ ಎತ್ತುತ್ತಿದ್ದಳು. ಈಗ ಅವನೇ ಓಡಿ ಬಂದು ಎತ್ತುತ್ತಾನೆ, ಒಂದೇ ರಿಂಗಿಗೆ. ಮೂರು ರಿಂಗಿನ ಕಾನೂನು ಮಾಡಿದವನು.

ಫ್ಲೋರಿನ್‌ದೊಂದು ಕಿರಿಕಿರಿ. ಮಂಗಳೂರಿನ ಕಡೆಯ ಕಿರಿಸ್ತಾನರ ಹುಡುಗಿ, ಪಾಪದವಳ ಹಾಗೆ ಕಾಣುತ್ತಾಳೆ, ಕಣ್ಣು ಮಾತ್ರ ಚುರುಕು. "ಅಕ್ಕಾ, ಲೆವೆನ್‌ಗೆ ಈಗ ಯಾರದ್ದೂ ಕಾಲ್ ಇರ್ಲಿಲ್ಲ ಅಲ್ವಾ?" ಎಂದು ಕೇಳಿದಳು. ಬಾಯಿ ಮುಚ್ಚಿಸಬೇಕಾಯಿತು. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅವಳು ಎಷ್ಟು ಗಂಟೆಗೆ ಎದ್ದಳು, ಬಾತ್‌ರೂಮಿನಿಂದ ಎಷ್ಟಕ್ಕೆ ಬಂದಳು, ಎಲ್ಲ ಅವಳ ಎದುರೇ ಬರೆಯುತ್ತೇನೆ. "ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ," ಎಂದೆ. ಈಗ ಕೇಳುವುದಿಲ್ಲ. ಮಧ್ಯಾಹ್ನ ಸ್ವಲ್ಪ ಅತ್ತಳು. ಹೊಸಬರಿಗೆ ಶಿಸ್ತು ಬೇಕೇ ಬೇಕು.

ಸೇವಂತಿ ಊಟ ಮಾಡಿದಳಂತೆ. ನೀಲಾಬಾಯಿ ಹೇಳಿದರು.

೯ ಆಗಸ್ಟ್, ಗುರುವಾರ

ಇವತ್ತಿನಷ್ಟು ಒಳ್ಳೆಯ ದಿನ ಬಂದಿರಲಿಲ್ಲ.

ಫ್ಲೋರಿನ್ ಊಟಕ್ಕೆ ಹೋಗಿದ್ದಳು. ಸಬ್ನಿಸ್ ಬೋರ್ಡಿನ ಕೋಣೆಗೆ ಬಂದು ಬಾಗಿಲು ಹಾಕಿದ. ಗಡ್ಡ ಸರಿಯಾಗಿ ಕೆರೆದಿರಲಿಲ್ಲ, ಕಿವಿಯ ಹತ್ತಿರ ಬ್ಲೇಡಿನ ಗಾಯ. ಸ್ಟೂಲು ಎಳೆದುಕೊಂಡು ಕೂತ. ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಎದುರು ಕೂತದ್ದು ಇದೇ ಮೊದಲು.

"ಶೀಲಾವತಿ, ಬೆಳಿಗ್ಗೆಯಿಂದ ನನಗೆ ಎಷ್ಟು ಕರೆ ಕೊಟ್ಟಿರಿ?"

"ಮೂರು ಸಾರ್."

"ಮೂರೇ?"

"ಬರೆದಿದ್ದೇನೆ ಸಾರ್. ನೋಡಿ."

ಪುಸ್ತಕ ನೋಡಿದ. ಬೆರಳು ಸಾಲಿನ ಮೇಲೆ ನಿಲ್ಲುತ್ತಿರಲಿಲ್ಲ. "ನನಗೆ ಇಪ್ಪತ್ತು ಸಲವಾದರೂ ಕೇಳಿಸಿತು," ಎಂದ. ಆಮೇಲೆ ಬಹಳ ಮೆಲ್ಲಗೆ, "ಮನೆಯಲ್ಲೂ ಕೇಳಿಸುತ್ತದೆ. ಸ್ನಾನ ಮಾಡುವಾಗಲೂ," ಎಂದ.

"ಫೋನು ಸರಿಯಾಗಿದೆ ಸಾರ್. ಡಾಕ್ಟರಿಗೆ ತೋರಿಸಿ. ನಿಮ್ಮ ಮನೆತನದಲ್ಲಿ ಮೊದಲೇ ಯಾರಿಗಾದರೂ ಇತ್ತೇ?"

ಅವನು ನನ್ನ ಮುಖ ನೋಡಿದ. ಏನೋ ನೆನಪಾಗುವುದರಲ್ಲಿತ್ತು, ಆಗಲಿಲ್ಲ. ಎದ್ದು ಹೋದ. ಬಾಗಿಲು ಮುಚ್ಚುವ ಮೊದಲೇ ಹನ್ನೊಂದಕ್ಕೆ ರಿಂಗ್ ಕೊಟ್ಟೆ. ಓಡಿದ ಹೆಜ್ಜೆ ಸದ್ದು ಕೇಳಿ ಹೊಟ್ಟೆ ತುಂಬಿತು.

೧೩ ಆಗಸ್ಟ್, ಸೋಮವಾರ

ಲೇಬರ್ ಆಫೀಸಿನಲ್ಲಿ ಮೊದಲ ವಿಚಾರಣೆ ಇತ್ತು. ನಾನು ಹೋಗಲಿಲ್ಲ. ಜ್ವರ ಎಂದು ದಾನಪ್ಪನವರಿಗೆ ಹೇಳಿ ಕಳಿಸಿದೆ, ಆಮೇಲೆ ಕೆಲಸಕ್ಕೆ ಹೋದೆ.

ಸಂಜೆ ಗೇಟಿನಲ್ಲಿ ದಾನಪ್ಪ ಕಾದಿದ್ದರು. ಜ್ವರದ ಮಾತು ಎತ್ತಲಿಲ್ಲ. "ಅಕ್ಕಾರ, ಹುಡುಗಿ ನಿಮ್ಮದು. ನಾವು ಹೊರಗಿನವರು ಎಷ್ಟಂತ ಒದರೂದು?" ಎಂದಷ್ಟೇ ಹೇಳಿ ಸೈಕಲ್ ಹತ್ತಿದರು. ಮುಂದಿನ ತಾರೀಕು ಸೆಪ್ಟೆಂಬರ್ ಹದಿನೇಳು.

ಅವರಿಗೆ ತಿಳಿಯುವುದಿಲ್ಲ. ಇನ್ನು ಸ್ವಲ್ಪ ದಿನ ಸಾಕು ನನಗೆ.

೨೪ ಆಗಸ್ಟ್, ಶುಕ್ರವಾರ

ಆಯಿತು.

ಹನ್ನೊಂದು ಗಂಟೆಗೆ ಡೀಲರುಗಳ ಸಭೆ. ಶೇಟ್, ನಾಗಪುರದವರು, ಇಂದೋರಿನವರು, ಎಲ್ಲ ಕೂತಿದ್ದರು. ಸಬ್ನಿಸ್ ಎದ್ದು ನಿಂತು ಲೆಕ್ಕ ಓದುತ್ತಿದ್ದ. ಸಭೆಯ ಕೋಣೆಗೆ ನಾನು ರಿಂಗ್ ಕೊಟ್ಟೇ ಇರಲಿಲ್ಲ. ದೇವರಾಣೆ ಕೊಟ್ಟಿರಲಿಲ್ಲ. ಅವನು ನಡುವೆ ನಿಲ್ಲಿಸಿ, "ಯಾರೂ ಎತ್ತುವುದಿಲ್ಲವೇ? ಇಷ್ಟು ಹೊಡೆದುಕೊಳ್ಳುತ್ತಿದೆ, ಯಾರೂ ಎತ್ತುವುದಿಲ್ಲವೇ?" ಎಂದು ಕೂಗಿ ಫೋನನ್ನು ಗೋಡೆಯಿಂದ ತಂತಿಸಮೇತ ಕಿತ್ತು ಕಿಟಕಿಗೆ ಎಸೆದನಂತೆ. ಗಾಜಿನ ಸದ್ದು ನಮ್ಮ ಕೋಣೆಯವರೆಗೆ ಬಂತು. ವಾಚ್‌ಮನ್‌ಗಳು ಹಿಡಿದುಕೊಂಡು ಹೋಗುವಾಗ ನಮ್ಮ ಬಾಗಿಲ ಮುಂದೆಯೇ ಹಾದರು. ಬೂಟು ಒಂದೇ ಕಾಲಿನಲ್ಲಿತ್ತು.

ಫ್ಲೋರಿನ್ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ದಾರಿಯಲ್ಲಿ ಸೇವಂತಿಗೆ ಜಿಲೇಬಿ ಕಟ್ಟಿಸಿಕೊಂಡೆ. ಏನು ವಿಶೇಷ ಎಂದು ಕೇಳಿದಳು. ಸುಮ್ಮನೆ ಎಂದೆ. ಒಂದು ತಿಂದು ಉಳಿದದ್ದನ್ನು ನೀಲಾಬಾಯಿಯ ಮಕ್ಕಳಿಗೆ ಕೊಟ್ಟಳು.

೨೫ ಆಗಸ್ಟ್, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಶೇಟ್ ಕಂಪನಿಯ ಡಾಕ್ಟರಿಗೆ ಲೈನ್ ಕೇಳಿದರು. ಕೊಟ್ಟೆ. ಮಾತು ನನಗೆ ಕೇಳಿಸದಂತೆ ಮಾಡುವ ಕೀಯನ್ನು ಕೆಳಗಿಳಿಸದೆ ಕೇಳುತ್ತ ಕೂತೆ. ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

ಶೇಟ್ ಹೇಳಿದರು, ಸಬ್ನಿಸನಿಗೆ ಬಹಳ ದಿನಗಳಿಂದ ತಲೆ ಸರಿ ಇರಲಿಲ್ಲ ಎಂದು ಸರ್ಟಿಫಿಕೇಟ್ ಮಾಡಿಡಿ. ಯೂನಿಯನ್ ಕೇಸಿಗೆ ಒಳ್ಳೆಯದೇ ಆಯಿತು. ಹುಡುಗಿಗೆ ಕಿರುಕುಳ ಕೊಟ್ಟದ್ದು ಹುಚ್ಚ ಮ್ಯಾನೇಜರ್, ಕಂಪನಿಗೆ ಏನೂ ಗೊತ್ತಿರಲಿಲ್ಲ ಎಂದರಾಯಿತು.

ಡಾಕ್ಟರ್ ಕೇಳಿದರು, ಅವರು ಫೆಬ್ರವರಿಯಲ್ಲಿ ನಿಮಗೇನೋ ಬರೆದು ಕೊಟ್ಟಿದ್ದರಲ್ಲ?

ಶೇಟ್ ನಕ್ಕರು. "ಇನ್ನಿಬ್ಬರು ಆಪರೇಟರು ಕೊಡಿ, ಇಲ್ಲದಿದ್ದರೆ ಆ ಹುಡುಗಿ ಬಿದ್ದುಹೋಗುತ್ತಾಳೆ ಅಂತ ಬರೆದಿದ್ದ. ಬೇಡ, ಇರುವವಳಿಂದಲೇ ಮಾಡಿಸು ಅಂತ ನಾನು ಬರೆದು ಕಳಿಸಿದೆ. ನಮ್ಮ ಫೈಲಿನಲ್ಲಿ ಈಗ ಅದಿಲ್ಲ. ಅವನ ಮನೆಯಲ್ಲಿ ಇದ್ದರೂ ಇರಲಿ. ಹುಚ್ಚನ ಕೈಯ ಕಾಗದವನ್ನು ಯಾರು ನಂಬುತ್ತಾರೆ?"

ಕಾರ್ಡ್ ಕಿತ್ತು ಹೆಡ್‌ಫೋನ್ ತೆಗೆದಿಟ್ಟೆ. ಬೋರ್ಡಿನಲ್ಲಿ ಎಷ್ಟೋ ದೀಪ ಹತ್ತಿದ್ದವು. ಫ್ಲೋರಿನ್ ಒಬ್ಬಳೇ ಎಲ್ಲ ಎತ್ತಿದಳು.

ನಾನು ಎರಡು ತಿಂಗಳು ಬೆವರು ಸುರಿಸಿ ಶೇಟ್‌ಗೆ ಗುರಾಣಿ ಮಾಡಿಕೊಟ್ಟಿದ್ದೇನೆ.

೯ ಸೆಪ್ಟೆಂಬರ್, ಭಾನುವಾರ

ಎರಡು ವಾರ ಏನೂ ಬರೆಯಲಿಲ್ಲ. ಶೇಟ್ ದಿನವೂ ಫೋನಿನಲ್ಲಿ ನಗುತ್ತಾನೆ. ಆ ನಗುವಿನ ಹಲ್ಲು ಮುರಿಯಬೇಕು, ಅದಕ್ಕೆ ಆ ಕಾಗದ ಬೇಕು. ಇವತ್ತು ಪಾರ್ಲೆಗೆ ಹೋದೆ.

ಸಬ್ನಿಸನ ಹೆಂಡತಿ ಬಾಗಿಲು ತೆರೆದಳು. ನನ್ನ ದನಿ ಕೇಳಿ, "ಆಪರೇಟರ್ ಬಾಯಿ ಅಲ್ಲವೇ?" ಎಂದು ಒಳಗೆ ಕರೆದಳು. ಮನೆಯ ಟೆಲಿಫೋನಿಗೆ ಎರಡು ರಜಾಯಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಸಬ್ನಿಸ್ ಕಿಟಕಿಯ ಹತ್ತಿರ ಬನಿಯನ್ನಿನಲ್ಲಿ ಕೂತಿದ್ದರು, ಕಿವಿಯಲ್ಲಿ ಹತ್ತಿ.

ಕಾಗದದ ವಿಷಯ ಕೇಳಿದೆ. "ಇದೆ," ಎಂದರು, "ಶೇಟ್‌ನ ಕೈಬರಹವೂ ಅದರ ಮೇಲೆ ಇದೆ. ಆದರೆ ಕೆಂಪು ದೀಪ ನನ್ನದು. ಅದು ಯಾರೂ ಹೇಳಿ ಮಾಡಿಸಿದ್ದಲ್ಲ. ಒಬ್ಬಳಿಂದ ಇಬ್ಬರ ಕೆಲಸ ತೆಗೆಯಬೇಕಿತ್ತು, ದಾರಿ ತೋಚಲಿಲ್ಲ." ಆಮೇಲೆ, "ಈಗ ಕಾಗದದಿಂದ ಏನು ಪ್ರಯೋಜನ? ನಾನು ತಲೆ ಕೆಟ್ಟವನು," ಎಂದರು.

ಹೇಳದೆ ಬೇರೆ ದಾರಿ ಇರಲಿಲ್ಲ. ಅವರ ತಲೆ ಸರಿಯಿದೆಯೆಂದು ತೋರಿಸದಿದ್ದರೆ ಕಾಗದಕ್ಕೆ ಬೆಲೆಯಿಲ್ಲ.

"ರಿಂಗ್ ಕೊಡುತ್ತಿದ್ದದ್ದು ನಾನು," ಎಂದೆ. "ಆಫೀಸಿನಲ್ಲಿ, ಮನೆಗೆ, ಎಲ್ಲ ನಾನೇ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ."

ಹೆಂಡತಿ ಕೈಯಲ್ಲಿದ್ದ ನೀರಿನ ಲೋಟವನ್ನು ನೆಲಕ್ಕಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ. ಅವರು ಮಾತ್ರ ಕಿವಿಯ ಹತ್ತಿ ತೆಗೆದು ನನ್ನ ಕಡೆ ಬಾಗಿದರು.

"ಹಾಗಾದರೆ ನಿಜವಾಗಿಯೂ ಹೊಡೆಯುತ್ತಿತ್ತೇ?"

"ಹೊಡೆಯುತ್ತಿತ್ತು."

"ಸುಮಾ, ಕೇಳಿದೆಯಾ? ನಿಜವಾಗಿಯೂ ಹೊಡೆಯುತ್ತಿತ್ತಂತೆ," ಎಂದು ಹೆಂಡತಿಗೆ ಹೇಳಿ ಮುಖ ಮುಚ್ಚಿಕೊಂಡು ಅತ್ತರು. ಎಷ್ಟು ಹೊತ್ತು ಅತ್ತರೋ. ಸಭೆಯ ದಿನ ಮಾತ್ರ ಹೊಡೆದಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಾಗದವನ್ನು ಹೆಂಡತಿ ತಂದುಕೊಟ್ಟಳು. ಕೊಡುವಾಗ ನನ್ನ ಕೈ ತನಗೆ ತಾಗದ ಹಾಗೆ ತುದಿ ಹಿಡಿದಿದ್ದಳು.

೧೭ ಸೆಪ್ಟೆಂಬರ್, ಸೋಮವಾರ

ಲೇಬರ್ ಆಫೀಸು. ಉದ್ದನೆಯ ಮೇಜು, ಅಧಿಕಾರಿ ನಡುವೆ, ಒಂದು ಕಡೆ ಶೇಟ್ ಮತ್ತು ಕಂಪನಿಯ ವಕೀಲ, ಇನ್ನೊಂದು ಕಡೆ ದಾನಪ್ಪ ಮತ್ತು ನಾನು. ದಾನಪ್ಪ ಸೇವಂತಿಯನ್ನೂ ಕರೆಸಿದ್ದರು. ಅವಳು ಹಿಂದಿನ ಬೆಂಚಿನಲ್ಲಿ ನೀಲಾಬಾಯಿಯ ಜೊತೆ ಕೂತಿದ್ದಳು. ಅವಳು ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಎಲ್ಲ ಹೇಳಿದೆ. ದೀಪ, ಚೀಟಿ, ನೀರು ಬಿಟ್ಟದ್ದು. ಕಾಗದ ಮುಂದಿಟ್ಟೆ. ವಕೀಲ ನಾನೆಣಿಸಿದ ಹಾಗೆಯೇ ಎದ್ದ. ಇದು ಮಾನಸಿಕ ರೋಗಿಯ ಬಳಿ ಸಿಕ್ಕ ಕಾಗದ ಎಂದ. ಆಗ ನಾನು ರಿಂಗಿನ ವಿಷಯ ಹೇಳಿದೆ. ಅಧಿಕಾರಿ ಕಾಗದವನ್ನು ತಿರುಗಿಸಿ ಶೇಟ್‌ನ ಕಡೆ ಸರಿಸಿ, "ಈ ಕೈಬರಹ ನಿಮ್ಮದೇ?" ಎಂದು ಕೇಳಿದರು. ಶೇಟ್‌ನ ಮುಖ ಇಳಿದುಹೋಯಿತು. ನಾನು ಅದನ್ನು ಕಣ್ಣು ಮಿಟುಕಿಸದೆ ನೋಡಿದೆ. ಅದಕ್ಕಾಗಿಯೇ ಹೋಗಿದ್ದೆ.

ವಕೀಲ ಇನ್ನೂ ಕೂತಿರಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದ. ಬೋರ್ಡಿನ ಡ್ರಾಯರಿನಲ್ಲಿ ಸಿಕ್ಕಿತಂತೆ. ಗಟ್ಟಿಯಾಗಿ ಓದಿದ. "ಆಗಸ್ಟ್ ಒಂದು. ಎದ್ದದ್ದು ಹನ್ನೆರಡು ಹತ್ತು, ಬಂದದ್ದು ಹನ್ನೆರಡು ಹದಿನೇಳು. ಏಳು ನಿಮಿಷ. ಎಚ್ಚರಿಕೆ ಕೊಡಲಾಗಿದೆ. ಆಗಸ್ಟ್ ಎರಡು. ಎರಡು ಸಲ. ಅತ್ತಳು." ನನ್ನ ಕಡೆ ತಿರುಗಿ, "ಇದು ಯಾರ ಅಕ್ಷರ?" ಎಂದ.

"ನನ್ನದು."

"ಸಬ್ನಿಸ್ ಬರೆಯಿಸಿದ್ದೇ?"

"ಅಲ್ಲ."

"ಶೇಟ್?"

"ಯಾರೂ ಅಲ್ಲ."

೧೮ ಸೆಪ್ಟೆಂಬರ್, ಮಂಗಳವಾರ

ನನ್ನನ್ನು ಕೆಲಸದಿಂದ ತೆಗೆದರು. ಪೊಲೀಸಿಗೆ ಕೊಡಲಿಲ್ಲ, ಕೊಟ್ಟರೆ ಎಲ್ಲವೂ ಪೇಪರಿಗೆ ಬರುತ್ತದೆ. ಶೇಟ್ ರಾಜಿಗೆ ಒಪ್ಪಿದ್ದಾನೆ ಎಂದು ದಾನಪ್ಪ ಬಂದು ಹೇಳಿದರು.

ಸೇವಂತಿ ಇವತ್ತು ಪಾತ್ರೆ ತೊಳೆಯುವಾಗ, ಬೆನ್ನು ಹಾಕಿಯೇ ಕೇಳಿದಳು.

"ಚಿಕ್ಕಮ್ಮ, ಅದು ಹೇಗಿರ್ತದೆ ಅಂತ ನಿಮಗೆ ಗೊತ್ತಿತ್ತಲ್ಲ. ನನ್ನನ್ನು ನೋಡಿದ್ರಲ್ಲ."

"ನಿನಗೋಸ್ಕರ ಮಾಡಿದೆ."

"ನಾನು ಹೇಳಿದ್ನಾ?"

ಪಾತ್ರೆ ಕವುಚಿಟ್ಟು ನೀಲಾಬಾಯಿಯ ಖೋಲಿಗೆ ಹೋದಳು. ಅಲ್ಲೇ ಮಲಗುತ್ತಾಳಂತೆ.

೧೫ ಅಕ್ಟೋಬರ್, ಸೋಮವಾರ

ರಾಜಿಯ ಪ್ರಕಾರ ಬೋರ್ಡಿಗೆ ಇಬ್ಬರು. ಹೊಸಬಳು ಇನ್ನೂ ಬಂದಿಲ್ಲ, ಮುಂದಿನ ವಾರವಂತೆ. ದೀಪ ತೆಗೆದಿದ್ದಾರೆ. ಸಬ್ನಿಸ್ ನಾಸಿಕದಲ್ಲಿ ತಮ್ಮನ ಮನೆಯಲ್ಲಿದ್ದಾರಂತೆ. ಸೇವಂತಿಗೆ ಡಿಸ್ಪ್ಯಾಚ್‌ನಲ್ಲಿ ಕೆಲಸ, ಇವತ್ತು ಮೊದಲ ದಿನ. ಸ್ಟೇಷನ್ನಿನವರೆಗೆ ಬರುತ್ತೇನೆ ಎಂದೆ. ಬೇಡ ಎಂದಳು. ನಾನು ಈಗ ನೀಲಾಬಾಯಿಯ ಜೊತೆ ಫಾಲ್ ಹಚ್ಚುತ್ತೇನೆ. ಹೊಲಿಗೆ ಇನ್ನೂ ನೇರ ಬರುವುದಿಲ್ಲ.

ಸಂಜೆ ಅವಳು ನೇರ ನಮ್ಮ ಖೋಲಿಗೆ ಬಂದಳು. ಎಷ್ಟೋ ದಿನಗಳ ಮೇಲೆ. ಚಹಾ ಕೊಟ್ಟೆ. ಕುಡಿಯುತ್ತ ತಾನಾಗಿಯೇ ಹೇಳಿದಳು.

"ಮಧ್ಯಾಹ್ನ ಬೋರ್ಡಿನ ಕೋಣೆಗೆ ಹೋಗಿದ್ದೆ."

ನನ್ನ ಕೈಯ ಸೂಜಿ ನಿಂತಿತು. "ಎಂತಕ್ಕೆ?"

"ಫ್ಲೋರಿನ್ ಒಬ್ಬಳೇ ಇದ್ದಳು. ಕಾಲು ಅಲ್ಲಾಡಿಸ್ತಾ ಕೂತಿದ್ದಳು, ಬಾತ್‌ರೂಮಿಗೆ ಏಳ್ಲಿಕ್ಕೆ ಹೆದರಿ. ನಾನು ಹೆಡ್‌ಫೋನ್ ತಗೊಂಡು, ನೀನು ಹೋಗಿ ಬಾ ಅಂದೆ."

"ನೀನು ಬೋರ್ಡಿನಲ್ಲಿ ಕೂತೆಯಾ? ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಕೈ ಎಲ್ಲ ಬೆವರಿತು." ಲೋಟ ಕೆಳಗಿಟ್ಟಳು. "ಆದ್ರೂ 'ನಿಧಾನ ಬಾ' ಅಂದೆ ಅವಳಿಗೆ. ಹತ್ತು ನಿಮಿಷ ಬಿಟ್ಟು ಬಂದಳು. ಮುಖ ತೊಳ್ಕೊಂಡು ಬಂದಿದ್ದಳು ಚಿಕ್ಕಮ್ಮ."